ಪ್ರೀತಿ, ಒಲವು, ಅಕ್ಕರೆ: ಉಡುಗೊರೆ ಚೀಟಿಗೆ ಯಾವುದು?

ತಂಗಿ ಮಗಳ ನಾಮಕರಣದ ಉಡುಗೊರೆ ಮೇಲೆ ಯಾವುದು ಬರೆಯಲಿ ಅಂತ ಕೇಳಿದ್ದೀರಿ.

ಬಳಕೆಗೆ ‘ಪ್ರೀತಿ’ಯೇ ಸಲೀಸು. ಸಂಸ್ಕೃತದಿಂದ ಬಂದರೂ ಮನೆಮಾತಾಗಿದೆ. ಅಮ್ಮನಿಗೂ ನಡೆಯುತ್ತದೆ, ನಾಯಿಮರಿಗೂ. ಆದರೆ ‘ಅವರಿಬ್ಬರೂ ಪ್ರೀತಿಸ್ತಿದಾರೆ’ ಅಂದರೆ ಊರೆಲ್ಲ ಕಿವಿ ನಿಮಿರಿಸುತ್ತದೆ.

‘ಒಲವು’ ಅಚ್ಚಗನ್ನಡ. ಮದುವೆ ಕರೆಯೋಲೆಗೆ, ಗಂಡ ಹೆಂಡತಿ ನಡುವಿನ ಪತ್ರಕ್ಕೆ ಚಂದ. ಮಾತಲ್ಲಿ ಸ್ವಲ್ಪ ನಾಟಕದಂತೆ ಕೇಳಿಸುತ್ತದೆ, ಅಲ್ವಾ? ‘ಸಂಗೀತದ ಕಡೆ ಒಲವು’ ಅಂದಾಗ ಬರೀ ಆಸಕ್ತಿ ಅಷ್ಟೇ.

‘ಅಕ್ಕರೆ’ಯಲ್ಲಿ ಆರೈಕೆಯೂ ಸೇರಿದೆ. ಸಾಕೆಂದರೂ ಅಜ್ಜಿ ಅನ್ನಕ್ಕೆ ಇನ್ನೊಂದು ಚಮಚ ತುಪ್ಪ ಸುರಿಯುತ್ತಾಳಲ್ಲ, ಅದು. ದೊಡ್ಡವರಿಂದ ಚಿಕ್ಕವರ ಕಡೆಗೆ ಹರಿಯುವುದೇ ಜಾಸ್ತಿ. ಆಫೀಸಿನ ಸಾಹೇಬರಿಗೆ ಬರೆದರೆ ನಗೆಪಾಟಲು.

ಚೀಟಿ ಮಗುವಿಗಷ್ಟೇ ಆದರೆ ನಾನು ‘ಅಕ್ಕರೆಯ ಪುಟ್ಟಿಗೆ’ ಅಂತ ಬರೆಯುತ್ತಿದ್ದೆ. ಅಪ್ಪ ಅಮ್ಮನನ್ನೂ ಸೇರಿಸುವುದಾದರೆ ‘ಪ್ರೀತಿಯಿಂದ’ ಸಾಕು.