ಮೂಗಿನ ಬಣ್ಣಕ್ಕೆ ದುಡ್ಡು ಸುರಿದು ಪಿಟ್ ಬುಲ್ ತರುವ ಮೊದಲು

‘ಬ್ಲೂ ನೋಸ್ ಪಿಟ್ ಬುಲ್, ಅಪರೂಪದ ಬಣ್ಣ’ ಎಂಬ ಜಾಹೀರಾತು ನೋಡಿ ಬೆಂಗಳೂರಿನ ಒಂದು ಮನೆಯವರು ತಂದ ಬೂದು ಮೂಗಿನ ನಾಯಿಮರಿಯ ವಿಷಯ ಇದು. ಮರಿಗೆ ಆರು ವಾರ. ಮುಂಗಡ ಫೋನಿನಲ್ಲೇ ಹೋಯಿತು, ಮರಿ ಕೈಗೆ ಬಂದದ್ದು ಹೆದ್ದಾರಿ ಬದಿಯ ಹೋಟೆಲಿನ ಮುಂದೆ. ತಾಯಿ ಎಲ್ಲಿ ಅಂದರೆ ‘ಊರಲ್ಲಿದೆ ಸಾರ್’ ಎಂಬ ಉತ್ತರ. ಅದೇ ಸೂಲಿನ ಕಪ್ಪು ಮೂಗಿನ ಮರಿಗಳಿಗಿಂತ ಇದಕ್ಕೆ ಎರಡರಷ್ಟು ಬೆಲೆ.

ಎಂಟನೇ ತಿಂಗಳಿಗೆ ಬೆನ್ನಿನುದ್ದಕ್ಕೂ ಕೂದಲು ತೆಳುವಾಯಿತು. ಕೈಯಾಡಿಸಿದರೆ ಸಾಸಿವೆಯಷ್ಟು ಗುಳ್ಳೆಗಳು. ಕಜ್ಜಿ ಇರಬೇಕೆಂದು ಎರಡು ತಿಂಗಳು ಸೋಪು, ಬೇವಿನೆಣ್ಣೆ, ಯಾರೋ ಹೇಳಿದ ಮಾತ್ರೆ. ಕೊನೆಗೆ ಪಶುವೈದ್ಯರು ಚರ್ಮ ಕೆರೆದು ನೋಡಿದರೆ ಹುಳವೇ ಇಲ್ಲ. ಬಯಾಪ್ಸಿಯಲ್ಲಿ ಬಂದ ಉತ್ತರ ‘ಕಲರ್ ಡೈಲ್ಯೂಷನ್ ಅಲೋಪೇಶಿಯಾ’. ಬಣ್ಣದ ಕಣಗಳು ಕೂದಲಿನೊಳಗೆ ಸಮವಾಗಿ ಹರಡದೆ ಗಡ್ಡೆಗಟ್ಟುತ್ತವೆ. ಕೂದಲು ಬುಡದಲ್ಲೇ ಮುರಿಯುತ್ತದೆ, ಮತ್ತೆ ಬರುವುದಿಲ್ಲ. ಇದಕ್ಕೆ ಮದ್ದಿಲ್ಲ, ಸಂಭಾಳಿಸಿಕೊಂಡು ಹೋಗಬೇಕು ಅಷ್ಟೇ: ಔಷಧಿ ಶಾಂಪೂ, ಸೋಂಕಾದಾಗ ಆ್ಯಂಟಿಬಯಾಟಿಕ್, ಬಿಸಿಲಿಂದ ರಕ್ಷಣೆ. ಬೂದು ಬಣ್ಣದ ಎಲ್ಲ ನಾಯಿಗಳಿಗೂ ಇದು ಬರುವುದಿಲ್ಲ. ಆದರೆ ಬರುವುದು ಬಣ್ಣ ತೆಳುವಾದ ನಾಯಿಗಳಿಗೇ. ಹೆಚ್ಚು ದುಡ್ಡು ಕೊಟ್ಟದ್ದು ಯಾವುದಕ್ಕೋ ಕಾಯಿಲೆಯೂ ಅದರ ಜೊತೆಗೇ ಬಂತು.

‘ರೆಡ್ ನೋಸ್’, ‘ಬ್ಲೂ ನೋಸ್’ ಎಂಬುವು ಬೇರೆ ಬೇರೆ ತಳಿಗಳಲ್ಲ. ‘ಬಿ’ ಜೀನಿನ ಎರಡು ಕಂದು ಪ್ರತಿ ಸೇರಿದರೆ ಮೂಗು ಕಂದುಗೆಂಪು, ‘ಡಿ’ ಜೀನಿನ ಎರಡು ತೆಳು ಪ್ರತಿ ಸೇರಿದರೆ ಬೂದು. ಕಪ್ಪು ಮೂಗಿನ ಅಪ್ಪ ಅಮ್ಮ ಇಬ್ಬರೂ ಒಳಗೆ ಕಂದು ಪ್ರತಿ ಇಟ್ಟುಕೊಂಡಿದ್ದರೆ ಸರಾಸರಿ ನಾಲ್ಕರಲ್ಲಿ ಒಂದು ಮರಿ ಕೆಂಪು ಮೂಗಿನದು. ಚಾಕೊಲೇಟ್ ಲ್ಯಾಬ್ರಡಾರ್‌ನಲ್ಲೂ ಕೆಂಪು ಡಾಬರ್‌ಮನ್‌ನಲ್ಲೂ ಕೆಲಸ ಮಾಡುವುದು ಇದೇ ಜೀನು. ನಮ್ಮ ಬೀದಿನಾಯಿಗಳಲ್ಲೂ ಕಂದು ಮೂಗಿನವು ಎಷ್ಟೋ ಇವೆ. ಕೆಂಪು ಮೂಗಿಗೆ ಹೆಸರಾದ ‘ಓಲ್ಡ್ ಫ್ಯಾಮಿಲಿ ರೆಡ್ ನೋಸ್’ ಎಂಬ ಹಳೆಯ ವಂಶ ಅಮೆರಿಕದಲ್ಲಿ ಇದ್ದದ್ದು ನಿಜ. ಹಾಗೆಂದು ಕೆಂಪು ಮೂಗಿನ ಪ್ರತಿ ಮರಿಯೂ ಆ ವಂಶದ್ದಾಗುವುದಿಲ್ಲ.

ಮಾರುವವರ ಸುಳ್ಳು ಹಿಡಿಯಲು ಲ್ಯಾಬ್ ಬೇಕಿಲ್ಲ. ಮರಿಯನ್ನು ಹಗಲು ಬೆಳಕಿಗೆ ತಂದು ಮೂಗು, ತುಟಿಯಂಚು, ಕಣ್ಣಂಚು ಮೂರನ್ನೂ ಒಟ್ಟಿಗೆ ನೋಡಿ. ಬಣ್ಣ ಜೀನಿನಿಂದ ಬಂದದ್ದಾದರೆ ಮೂರೂ ಒಂದೇ ಛಾಯೆ (ಮುಖದ ಬಿಳಿ ಮಚ್ಚೆಯಿರುವ ಜಾಗ ಬಿಟ್ಟು). ನಿಜವಾದ ಕೆಂಪು ಮೂಗಿನ ನಾಯಿಯ ಮೈಮೇಲೆ ಒಂದೇ ಒಂದು ಕಪ್ಪು ಕೂದಲೂ ಇರುವುದಿಲ್ಲ, ಕಪ್ಪಾಗಬೇಕಾದದ್ದೆಲ್ಲ ಕಂದಾಗಿರುತ್ತದೆ. ‘ಕಪ್ಪು ಪಟ್ಟೆ, ರೆಡ್ ನೋಸ್’ ಅಂದರೆ ಅಲ್ಲಿಂದ ಎದ್ದು ಬನ್ನಿ. ಗುಲಾಬಿ ಮಚ್ಚೆಯ ಮೂಗು ಬಣ್ಣ ತುಂಬದ ಮೂಗು, ರೆಡ್ ನೋಸ್ ಅಲ್ಲ. ಹುಟ್ಟಿದಾಗ ಎಷ್ಟೋ ಮರಿಗಳ ಮೂಗು ಗುಲಾಬಿಯೇ, ಬಣ್ಣ ತುಂಬಲು ವಾರಗಳು ಬೇಕು. ಮರಿಯ ನೀಲಿ ಕಣ್ಣನ್ನೂ ನಂಬಬೇಡಿ, ಬೆಳೆದಂತೆ ಅದೂ ಬದಲಾಗುತ್ತದೆ.

ಇನ್ನು ತಳಿಮಾನಕ್ಕೆ, ಅಂದರೆ ತಳಿ ಹೇಗಿರಬೇಕೆಂದು ನೋಂದಣಿ ಸಂಸ್ಥೆಗಳು ಬರೆದಿಟ್ಟ ಮಾನದಂಡಕ್ಕೆ ಬರೋಣ. 1898ರಲ್ಲಿ ಶುರುವಾದ ಅಮೆರಿಕದ ಯುಕೆಸಿ ಎಂಬ ನಾಯಿತಳಿ ನೋಂದಣಿ ಸಂಸ್ಥೆ ಈ ತಳಿಯನ್ನು ಅಮೆರಿಕನ್ ಪಿಟ್ ಬುಲ್ ಟೆರಿಯರ್ ಎಂದು ನೋಂದಾಯಿಸುತ್ತದೆ. ಅವರ ಪ್ರಕಾರ ಮೂಗು ಯಾವ ಬಣ್ಣದ್ದಾದರೂ ಸರಿ, ಹೊಳ್ಳೆ ಅಗಲವಾಗಿರಬೇಕು. ನೀಲಿ ಕಣ್ಣು ದೋಷ. ಮರ್ಲ್ ಬಣ್ಣಕ್ಕೆ (ಮಾಸಲು ಮೈಮೇಲೆ ಗಾಢ ತೇಪೆಗಳು) ಪ್ರವೇಶವೇ ಇಲ್ಲ. ಮರ್ಲ್‌ಗೆ ಮರ್ಲ್ ಕೂಡಿಸಿದರೆ ಕಿವುಡು, ಕುರುಡು ಮರಿಗಳು ಹುಟ್ಟುವ ಅಪಾಯ. ಅಮೆರಿಕದ ಇನ್ನೊಂದು ನೋಂದಣಿ ಸಂಸ್ಥೆ ಎಕೆಸಿ 1936ರಲ್ಲಿ ಸೇರಿಸಿಕೊಂಡ, ಪಿಟ್ ಬುಲ್‌ಗೆ ಹತ್ತಿರದ ಸ್ಟಾಫರ್ಡ್‌ಶೈರ್ ಟೆರಿಯರ್‌ಗೆ (1972ರಿಂದ ಹೆಸರಿನ ಮುಂದೆ ‘ಅಮೆರಿಕನ್’ ಸೇರಿತು) ಮೂಗು ಕಪ್ಪೇ ಇರಬೇಕು. ಅಂತರರಾಷ್ಟ್ರೀಯ ಶ್ವಾನ ಒಕ್ಕೂಟವಾದ ಎಫ್‌ಸಿಐ ಪಟ್ಟಿಯಲ್ಲಿ ಪಿಟ್ ಬುಲ್ ಟೆರಿಯರ್ ಇಲ್ಲವೇ ಇಲ್ಲ, ಇರುವುದು ಈ ಅಮೆರಿಕನ್ ಸ್ಟಾಫರ್ಡ್‌ಶೈರ್, ಚಿಕ್ಕದಾಗಿ ‘ಅಮ್‌ಸ್ಟಾಫ್’.

ತಮಾಷೆ ಏನೆಂದರೆ ನಮ್ಮಲ್ಲಿ ಅಮ್‌ಸ್ಟಾಫ್ ನೋಂದಣಿ ಕಾಗದ ಕೈಗಿಟ್ಟು ‘ಪ್ಯೂರ್ ರೆಡ್ ನೋಸ್, ಟಾಪ್ ಕ್ವಾಲಿಟಿ’ ಅನ್ನುತ್ತಾರೆ. ಆ ಕಾಗದದ ಲೆಕ್ಕದಲ್ಲೇ ಕೆಂಪು ಮೂಗು ದೋಷ! ಕಾಗದದಲ್ಲಿ ಬರೆದ ಮೈಕ್ರೋಚಿಪ್ ಸಂಖ್ಯೆ ಮರಿಯ ಮೈಯಲ್ಲಿರುವ ಚಿಪ್ಪಿಗೆ ತಾಳೆಯಾಗುತ್ತದೆಯೇ ಎಂದು ಸ್ಕ್ಯಾನರ್ ಇರುವ ಪಶುವೈದ್ಯರ ಬಳಿ ನೋಡಿಸಿ. ಆ ಮನೆಯವರ ಮರಿಗೆ ಚಿಪ್ಪೇ ಇರಲಿಲ್ಲ.

ತೂಕದಲ್ಲೂ ಇದೇ ಮೋಸ. ಯುಕೆಸಿ ಬಯಸುವುದು ಗಂಡಿಗೆ ಸುಮಾರು 16ರಿಂದ 27 ಕೆಜಿ, ಹೆಣ್ಣಿಗೆ 14ರಿಂದ 23 ಕೆಜಿ. ‘50 ಕೆಜಿ ಪಿಟ್ ಬುಲ್’ ಅನ್ನುವುದು ಅಮೆರಿಕನ್ ಬುಲ್ಲಿ ಎಂಬ ಬೇರೆ ತಳಿ, ಇಲ್ಲವೇ ಬೆರಕೆ. ಕಾವಲಿಗೆಂದು ತರುವವರೂ ಮೋಸ ಹೋಗುತ್ತಾರೆ. ಅಪರಿಚಿತರ ಜೊತೆಗೂ ಸಲಿಗೆ ತೋರುವ ಕಾರಣ ಇದು ಕಾವಲಿಗೆ ತಕ್ಕದ್ದಲ್ಲ, ಮನುಷ್ಯರ ಮೇಲೆ ಎರಗುವುದು ತಳಿಯ ಗುಣವಲ್ಲ ಎಂದು ತಳಿಮಾನವೇ ಹೇಳುತ್ತದೆ. ಬೇರೆ ನಾಯಿಗಳ ಮೇಲೆ ಸಿಟ್ಟು ಇರಬಹುದೆಂದೂ ಅದರಲ್ಲೇ ಇದೆ. ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಇನ್ನೊಂದು ನಾಯಿ ಎದುರಾದಾಗ ನಿಮ್ಮ ಕೈಯಲ್ಲಿ ಅದು ನಿಲ್ಲುತ್ತದೆಯೇ ಎಂಬುದನ್ನು ಕೊಳ್ಳುವ ಮೊದಲೇ ಯೋಚಿಸಿ.

ಮರಿ ನೋಡಲು ಹೋದಾಗ ತಾಯಿಯನ್ನು ಅದಿರುವ ಜಾಗದಲ್ಲೇ ನೋಡಿ. ಹೊಸಬರನ್ನು ಕಂಡು ಅದು ಮೂಲೆ ಸೇರುತ್ತದೋ, ಮೇಲೆ ಬೀಳುತ್ತದೋ, ಬಾಲ ಆಡಿಸುತ್ತದೋ ಗಮನಿಸಿ. ಬೂದು ಬಣ್ಣವೇ ಬೇಕೆಂದಿದ್ದರೆ ಎರಡು ಮೂರು ವರ್ಷ ದಾಟಿದ ಅಪ್ಪ ಅಮ್ಮಂದಿರ ಬೆನ್ನಿನ ಕೂದಲನ್ನು ಕೈಯಿಂದ ಸವರಿ ನೋಡಿ. ಈ ತೊಂದರೆ ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ. ಅಮ್‌ಸ್ಟಾಫ್ ವಂಶದ್ದಾದರೆ ಎನ್‌ಸಿಎಲ್ ಎಂಬ ಕಾಯಿಲೆಯ ಡಿಎನ್‌ಎ ಪರೀಕ್ಷೆಯ ವರದಿ ಕೇಳಿ. ಆ ನರದ ಕಾಯಿಲೆ ಹೆಚ್ಚಾಗಿ ಮೂರರಿಂದ ಐದನೇ ವರ್ಷದಲ್ಲಿ ತೋರುತ್ತದೆ, ನಡಿಗೆ ತೂರಾಡತೊಡಗುತ್ತದೆ. ಎಂಟು ವಾರದೊಳಗಿನ ಮರಿಯನ್ನು ಮಾರುವುದು 2017ರ ಕೇಂದ್ರ ನಿಯಮಗಳ ಪ್ರಕಾರ ತಪ್ಪು. ಆರು ವಾರದ ಮರಿ ತೋರಿಸಿದರೆಂದರೆ ಅವರ ಬಳಿ ಬ್ರೀಡರ್ ನೋಂದಣಿಯೂ ಇರಲಿಕ್ಕಿಲ್ಲ.

‘ಪಿಟ್ ಬುಲ್ ಬ್ಯಾನ್ ಆಗಿದೆ, ಬಿಲ್ ಕೊಡಲು ಆಗಲ್ಲ’ ಎಂಬ ಮಾತೂ ಓಡುತ್ತಿದೆ. 2024ರ ಮಾರ್ಚ್‌ನಲ್ಲಿ ಕೇಂದ್ರ ಹೊರಡಿಸಿದ 23 ತಳಿಗಳ ನಿಷೇಧದ ಸುತ್ತೋಲೆಯನ್ನು ಏಪ್ರಿಲ್‌ನಲ್ಲೇ ಕರ್ನಾಟಕ ಹೈಕೋರ್ಟ್ ರದ್ದು ಮಾಡಿತು. ಬೇರೆ ರಾಜ್ಯಗಳ ಕೆಲವು ನಗರಪಾಲಿಕೆಗಳಿಗೆ ಅವುಗಳದೇ ನಿರ್ಬಂಧಗಳಿವೆ, ಅಲ್ಲಿರುವವರು ವಿಚಾರಿಸಿಕೊಳ್ಳಿ. ನಾಯಿಯನ್ನು ನಿರ್ಲಕ್ಷ್ಯದಿಂದ ಬಿಟ್ಟು ಅಪಾಯ ತಂದರೆ ಮಾಲೀಕರ ಮೇಲೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಕೇಸು ಬೀಳುತ್ತದೆ, ಮೂಗು ಯಾವ ಬಣ್ಣದ್ದಾದರೂ. ಬಿಲ್ಲು ಕೇಳಿ. ಅದರಲ್ಲಿ ತಳಿಯ ಪೂರ್ಣ ಹೆಸರು, ಹುಟ್ಟಿದ ದಿನ, ಚಿಪ್ ಸಂಖ್ಯೆ, ಕೊಡುವ ಹಣ ಇಷ್ಟೂ ಬರೆಸಿ ಸಹಿ ಹಾಕಿಸಿಕೊಂಡ ಮೇಲೆಯೇ ಹಣ ಕಳಿಸಿ.