ಬಣ್ಣ ಹಚ್ಚುವ ಮೊದಲು ಕುರ್ಚಿಯ ಬರಿ ಮರ ನೋಡಿ

ಕಿನ್ನಾಳ ಕಲೆಯ (ಕೊಪ್ಪಳ ಜಿಲ್ಲೆಯ ಕಿನ್ನಾಳ ಊರಿನ ಬಣ್ಣದ ಮರಗೆಲಸ) ಕುರ್ಚಿ ಮಾಡಿಕೊಡ್ತೀವಿ ಅಂತ ಯಾರಾದರೂ ಮುಂಗಡ ಕೇಳಿದರೆ ಸ್ವಲ್ಪ ತಡೆಯಿರಿ. ಕೊಪ್ಪಳದ ಒಂದು ಅಂಗಡಿಯಲ್ಲಿ 18,000 ರೂಪಾಯಿ ಕೊಟ್ಟು ನಾವು ಮಾಡಿಸಿದ ಕುರ್ಚಿ ಬೇಸಿಗೆ ಮುಗಿಯುವುದರೊಳಗೆ ಮುರಿದುಬಿತ್ತು. ಕೂತಿದ್ದವರು ನಮ್ಮ ಮಾವ. ಮುಂಗೈ ಊದಿಕೊಂಡಿತು. ಮೂಳೆ ಮುರಿಯಲಿಲ್ಲ, ಅದೇ ಪುಣ್ಯ.

ನೋಡೋಕೆ ಚೆಂದವೇ ಇತ್ತು, ಸುಳ್ಳು ಹೇಳಬಾರದು. ಬಾಗಿದ ಬೆನ್ನು, ಅದರ ಮೇಲೆ ಗಿಳಿ, ಬಳ್ಳಿ, ಕೆಂಪು ಹಸಿರು ಬಣ್ಣ. ಒಳಗಿನ ಕಥೆ ಕಂಡಿದ್ದು ಮುರಿದ ಮೇಲೆಯೇ. ಬೆನ್ನಿನ ಜೊತೆಗೆ ಹಿಂಗಾಲೂ ಬಾಗಿರಬೇಕಲ್ವಾ? ಅದನ್ನು ನೇರ ಹಲಗೆಯಲ್ಲೇ ಬಾಗಿದ ಆಕಾರಕ್ಕೆ ಕೊಯ್ದಿದ್ದರು. ಹಾಗೆ ಕೊಯ್ದರೆ ಬಾಗಿದ ಜಾಗದಲ್ಲಿ ಮರದ ನಾರು ಉದ್ದಕ್ಕೆ ಓಡದೆ ತುಂಡಾಗಿಬಿಡುತ್ತದೆ. ಹಿಂದಕ್ಕೆ ಒರಗಿದಾಗ ಭಾರ ಜಾಸ್ತಿ ಬೀಳುವುದು ಅಲ್ಲಿಗೇ. ಬಾಗು ಬೇಕೇ ಬೇಕು ಅಂದರೆ ನಾರೂ ಹಾಗೇ ಬಾಗಿರುವ ಮರ ಹುಡುಕಬೇಕು. ಇಲ್ಲಾ, ತೆಳು ಪಟ್ಟಿಗಳನ್ನು ಬಾಗಿಸಿ ಒಂದರ ಮೇಲೊಂದು ಅಂಟಿಸಬೇಕು. ಅದಕ್ಕೆ ಟೈಮೂ ಜಾಸ್ತಿ, ಕೂಲಿಯೂ ಜಾಸ್ತಿ.

ಸೀಟಿನ ಪಟ್ಟಿಯನ್ನು ಕಾಲಿಗೆ ತೂತು ಕೊರೆದು ಕೂಡಿಸಿರಲಿಲ್ಲ. ಸುಮ್ನೆ ಸ್ಕ್ರೂ ಹೊಡೆದು, ಸಂದಿಗೆ ಮರದ ಪುಡಿ, ಗೋಂದು ತುಂಬಿ, ಮೇಲೆ ಬಣ್ಣ ಬಳಿದಿದ್ದರು. ಪಟ್ಟಿಯ ತುದಿಗೆ ಹೊಡೆದ ಸ್ಕ್ರೂ ಗಟ್ಟಿ ಹಿಡಿಯುವುದಿಲ್ಲ. ಸಾಲದ್ದಕ್ಕೆ ಮರ ಹಸಿ. ನಮ್ಮ ಕಡೆ ಏಪ್ರಿಲ್, ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ಹಸಿ ಮರ ಒಣಗುವಾಗ ಉದ್ದಕ್ಕೆ ಅಷ್ಟಾಗಿ ಕುಗ್ಗಲ್ಲ, ಅಡ್ಡಕ್ಕೆ ಕುಗ್ಗುತ್ತದೆ. ಕೂಡಿಸಿದ್ದೆಲ್ಲ ಸಡಿಲ.

ಕಿರುಗುಟ್ಟಲು ಶುರುವಾದಾಗಲೇ ಫೋನ್ ಮಾಡಿದ್ದೆ. "ಹೊಸಾದೈತ್ರೀ ಅಕ್ಕಾರ, ಕುಂತ ಕುಂತ ಸೆಟ್ ಆಗ್ತೈತಿ" ಅಂದರು. ಮುರಿದ ಮೇಲೆ ಮಾತೇ ಬೇರೆ: "ಅದು ಶೋಪೀಸ್ ರೀ. ದಿನಾ ಕುಂದ್ರಾಕ ಯಾರ್ ಹೇಳಿದ್ರು?" ಕುರ್ಚಿ ಅಂತ ದುಡ್ಡು ತಗೊಂಡು ಕೂರಬೇಡಿ ಅನ್ನುವುದು ಯಾವ ನ್ಯಾಯ?

ಕಿನ್ನಾಳದ ಚಿತ್ರಗಾರರನ್ನು ಇದಕ್ಕೆ ದೂರಬೇಡಿ. ಅವರದು ಗೊಂಬೆ, ದೇವರ ಮೂರ್ತಿ ಮಾಡುವ ಕಸುಬು. ಹಗುರ ಮರ, ಹುಣಸೆ ಬೀಜದ ಅಂಟು, ಸೆಣಬು ಮತ್ತು ಮರದ ಪುಡಿ ಕಲಸಿದ ಕಿಟ್ಟ, ಆಮೇಲೆ ಬಣ್ಣ. ಗೊಂಬೆಗೆ ಅದು ಸರಿ, ಮನುಷ್ಯನ ಭಾರ ಹೊರುವುದಕ್ಕಲ್ಲ. ಈ ಅಂಗಡಿಯವರು ಆ ಹೆಸರು ಹೇಳಿ ಬಳಿದದ್ದು ಡಬ್ಬಿಯ ಎನಾಮೆಲ್ ಪೇಂಟ್.

ಆದರೂ ಮಾಡಿಸುತ್ತೀರಾ? ಹಾಗಾದರೆ ಬಣ್ಣಕ್ಕೆ ಮೊದಲೇ ಹೋಗಿ ನೋಡಿ. ಕಾಲಿನ ನಾರು ಮೇಲಿಂದ ಕೆಳಗಿನವರೆಗೂ ಓಡಿರಬೇಕು. ಚೇಗು, ಅಂದರೆ ಮರದ ಒಳಗಿನ ಗಟ್ಟಿ ಭಾಗ ಇರಬೇಕು; ಹೊರಗಿನ ಬಿಳಿ ಭಾಗಕ್ಕೆ ಹುಳು ಬೇಗ ಬೀಳುತ್ತದೆ. ತೇವ ಅಳೆಯುವ ಮೀಟರ್ ಸಿಕ್ಕರೆ 12 ಶೇಕಡಾ ಮೀರಿರಬಾರದು. ಕೂತು, ಒರಗಿ, ಅಲ್ಲಾಡಿ ನೋಡಿ. ಅವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಬಿಲ್‌ನಲ್ಲಿ ಮರದ ಹೆಸರಿನ ಜೊತೆ 'ದಿನಬಳಕೆಯ ಕುರ್ಚಿ' ಅಂತಲೂ ಬರೆಸಿ. ನಮಗೆ ಕೊಟ್ಟದ್ದು ಒಂದು ಕೈಚೀಟಿ. ಅದು, ಫೋನ್‌ನಲ್ಲಿ ದುಡ್ಡು ಹಾಕಿದ ದಾಖಲೆ, ಫೋಟೊಗಳು, ಇಷ್ಟಿಟ್ಟುಕೊಂಡು ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿದ್ದೇವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ 2 ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಬೇಕೇ ಬೇಕೆಂದೂ ಇಲ್ಲ. ರಿಪೇರಿ ಮಾಡಿಕೊಡ್ತೀವಿ ಅಂತ ಅಂಗಡಿಯವರು ಕೇಳಿದರೂ ಮುರಿದ ಕಾಲನ್ನು ಕೊಟ್ಟುಬಿಡಬೇಡಿ. ಆಯೋಗದ ಮುಂದೆ ತೋರಿಸಲು ಅದು ಬೇಕಾಗುತ್ತದೆ.