118 ಕಾರ್ಡಿನ ಡಬ್ಬಿ: ತಗೊಳ್ಳಿ, ಆದರೆ ಕೋಬಾಲ್ಟ್ ನೋಡಿಕೊಳ್ಳಿ

ಕೋಲಾರ ಬಸ್ ಸ್ಟ್ಯಾಂಡ್ ಹತ್ತಿರದ ಸ್ಟೇಷನರಿ ಅಂಗಡಿಯಲ್ಲಿ ಧಾತುಗಳ ಕಾರ್ಡಿನ ಡಬ್ಬಿ ತಗೊಂಡು ಎರಡು ತಿಂಗಳಾಯಿತು. 240 ರೂಪಾಯಿ. ನಾನು ಬಂಗಾರಪೇಟೆ ಕಡೆಯ ಹಳ್ಳಿ ಶಾಲೆಯಲ್ಲಿ ಏಳು, ಎಂಟನೇ ಕ್ಲಾಸಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಧಾತುಗಳನ್ನೆಲ್ಲ ಮನೆ ಮನೆಯಾಗಿ ಜೋಡಿಸಿದ ಆವರ್ತ ಕೋಷ್ಟಕದ ಚಾರ್ಟ್ ಗೋಡೆ ಮೇಲೆ ಮೊದಲೇ ಇತ್ತು. ಮಕ್ಕಳು ಅದನ್ನು ಹಳೇ ಕ್ಯಾಲೆಂಡರ್ ನೋಡಿದ ಹಾಗೆ ನೋಡಿ ಸುಮ್ನಾಗುತ್ತಿದ್ದರು.

ಕಾರ್ಡಾದರೆ ಜೋಡಿಸಬಹುದು. ಅದಕ್ಕಿಂತ ಹೆಚ್ಚಾಗಿ, ಬಚ್ಚಿಡಬಹುದು. ಎಲ್ಲಾ 118 ಹರಡಲು ಹೋಗಬೇಡಿ. ಮೊದಲ ದಿನ ನಾನು ಹರಡಿದೆ, ಫ್ಯಾನ್ ಗಾಳಿಗೆ ಅರ್ಧ ಬೆಂಚಿನಡಿ ಸೇರಿದವು. ಹೈಡ್ರೋಜನ್‌ನಿಂದ ಕ್ಯಾಲ್ಸಿಯಂವರೆಗೆ 20 ಸಾಕು. ಅವನ್ನು ನೆಲದ ಮೇಲೆ ಜೋಡಿಸಲು ಹೇಳಿ, ಸಿಲಿಕಾನನ್ನು ಮೆಲ್ಲಗೆ ಎತ್ತಿ ಹಾಜರಿ ಪುಸ್ತಕದೊಳಗೆ ಇಟ್ಟೆ. ಇಲ್ಲಿದ್ದ ಧಾತುವಿನ ಪರಮಾಣು ತೂಕ ಎಷ್ಟಿರಬಹುದು? ಈ ಕಡೆ ಅಲ್ಯೂಮಿನಿಯಂ 27, ಆ ಕಡೆ ರಂಜಕ 31. "ಮಧ್ಯೆ ಅಂದ್ರೆ 29, ಮಿಸ್" ಅಂದಳು ಒಬ್ಬಳು. ಕಾರ್ಡ್ ತೆಗೆದು ತೋರಿಸಿದೆ. 28. ಅವಳು ಹಣೆ ಚಚ್ಚಿಕೊಂಡಳು.

ಆವರ್ತ ಕೋಷ್ಟಕ ಮಾಡಿದ ರಷ್ಯಾದ ವಿಜ್ಞಾನಿ ಮೆಂಡಲೀವ್ ಕತೆಗೆ ಇದಕ್ಕಿಂತ ಒಳ್ಳೆ ಹೊತ್ತು ಸಿಗಲ್ಲ. 1869ರಲ್ಲಿ ಗೊತ್ತಿದ್ದದ್ದು 63 ಧಾತು ಅಷ್ಟೇ. ಹೊಂದದ ಕಡೆ ಆತ ಮನೆ ಖಾಲಿ ಬಿಟ್ಟ. ಸಿಲಿಕಾನ್ ಕೆಳಗಿನ ಖಾಲಿ ಮನೆಗೆ ನಮ್ಮ ಸಂಸ್ಕೃತದ 'ಏಕ' ಸೇರಿಸಿ ಏಕಸಿಲಿಕಾನ್ ಅಂತ ಹೆಸರಿಟ್ಟ, ತೂಕ 72 ಇರಬೇಕು ಅಂದ. 1886ರಲ್ಲಿ ಜರ್ಮೇನಿಯಂ ಸಿಕ್ಕಿತು, ತೂಕ 72.6. "ಅವರದ್ದೂ ಸ್ವಲ್ಪ ತಪ್ಪಿತ್ತು ಅಲ್ವಾ ಮಿಸ್?" ಅಂದಳು ಅದೇ ಹುಡುಗಿ.

ಕೋಲಾರದ ಮಕ್ಕಳು ಮೊದಲು ಯಾವ ಕಾರ್ಡಿಗೆ ಕಿತ್ತಾಡುತ್ತಾರೆ ಅಂತ ಬೇರೆ ಹೇಳಬೇಕಾ? 79ನೇದು, ಚಿನ್ನ. ಕೆಜಿಎಫ್ ಗಣಿ 2001ರಲ್ಲೇ ಮುಚ್ಚಿದರೂ ತಾತಂದಿರ ಕತೆ ಮನೆಯಲ್ಲಿ ಇನ್ನೂ ಓಡುತ್ತಿದೆ. ಗೋಲ್ಡ್‌ಗೆ 'ಜಿ' ಬಿಟ್ಟು 'ಎಯು' ಯಾಕೆ ಅಂತ ಒಬ್ಬ ಕೇಳಿದ. ಅದು ಬಂದದ್ದು ಚಿನ್ನದ ಲ್ಯಾಟಿನ್ ಹೆಸರು 'ಆರಂ'ನಿಂದ ಅನ್ನುವ ಮಾತು ಕಾರ್ಡಿನ ಹಿಂದೆ ಮುಂದೆ ಎಲ್ಲೂ ಇಲ್ಲ. ಅಷ್ಟು ಜಾಗ ಖಾಲಿ ಬಿಟ್ಟಿದ್ದಾರೆ, ಒಂದು ಸಾಲು ಹಾಕಿದ್ದರೆ ಏನಾಗುತ್ತಿತ್ತೋ! ಕನ್ನಡ ಹೆಸರೂ ಇಲ್ಲ. ಸತು, ತವರ, ಸೀಸ, ಗಂಧಕ ಎಲ್ಲಾ ನಾನೇ ಬರೆದು ಅಂಟಿಸಿದೆ. ಸ್ಟಿಕರ್ ಮೇಲೆ ಬರೆಯಿರಿ, ನುಣುಪು ಕಾರ್ಡಿನ ಮೇಲೆ ಮಾರ್ಕರ್ ನಿಲ್ಲಲ್ಲ.

ದೊಡ್ಡ ತಪ್ಪು ಕೋಬಾಲ್ಟ್‌ದು. ಸಂಕೇತದಲ್ಲಿ 'ಸಿ' ದೊಡ್ಡಕ್ಷರ, 'ಓ' ಚಿಕ್ಕಕ್ಷರ ಇರಬೇಕು. ಇವರು ಎರಡನ್ನೂ ದೊಡ್ಡದು ಮಾಡಿ ಲೋಹವನ್ನು ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷದ ಅನಿಲ ಮಾಡಿಟ್ಟಿದ್ದಾರೆ! ವಾಪಸ್ ಕೊಡಲು ಹೋದರೆ ಅಂಗಡಿಯವರು, "ಒಂದು ಅಕ್ಷರಕ್ಕೆ ಡಬ್ಬಿ ವಾಪಸ್ಸಾ ಮೇಡಂ?" ಅಂತ ನಕ್ಕರು. ಬೇರೆ ಡಬ್ಬಿ ಒಡೆಸಿ ನೋಡಿದೆ, ಅದರಲ್ಲೂ ಹಾಗೇ ಇತ್ತು.